ಮುಂದಿನ ಗೇರು ಕಚ್ಚಿದ ದಿನ

ಕಳೆದ ವಾರ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೋ ಬಂತು, ಅದರ ಕೆಳಗೆ ‘ಓಂ ಶಾಂತಿ’ ಎಂಬ ಮಾತು, ಕೈಮುಗಿದ ಚಿಹ್ನೆಗಳ ಸಾಲು. ಯಾವುದೋ ಕಚೇರಿ ಸಮಾರಂಭದಲ್ಲಿ ತೆಗೆದದ್ದಿರಬೇಕು. ಇಸ್ತ್ರಿ ಮಾಡಿದ ರೇಷ್ಮೆ ಸೀರೆ, ಬಿಗಿಯಾಗಿ ಬಾಚಿ ಕಟ್ಟಿದ ಕೂದಲು, ಕ್ಯಾಮೆರಾಕ್ಕೆ ಹೆದರಿದಂಥ ಮುಖ. ‘ಹಿರಿಯ ವಿಜ್ಞಾನಿ, ಶಿಸ್ತಿನ ವ್ಯಕ್ತಿ, ಮಿತಭಾಷಿ’ ಎಂದು ಯಾರೋ ಬರೆದಿದ್ದರು. ಮಿತಭಾಷಿ ಎಂಬ ಮಾತು ಓದಿ ಅಳುವಿನ ನಡುವೆಯೂ ನನಗೆ ನಗು ಬಂತು. ನನಗೆ ಗೊತ್ತಿದ್ದ ಅಕ್ಕ ಕಬ್ಬಿಣದ ಜೊತೆಗೂ ಮಾತಾಡುತ್ತಿದ್ದರು. ಅದೂ ಬಾಗಲಕೋಟೆಯ ಕನ್ನಡದಲ್ಲಿ, ಅದೂ ಬೈಗುಳದಲ್ಲಿ.

ನಾನು ಅವರನ್ನು ಮೊದಲು ಕಂಡದ್ದೇ ಹಾಗೆ. ಕೊಚ್ಚಿಯ ವೈಟ್ಟಿಲ ಬಸ್ ನಿಲ್ದಾಣದಲ್ಲಿ ಬೆಂಚಿನ ಮೇಲೆ ಕುಳಿತಿದ್ದರು. ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿದ ಏನೋ ಭಾರದ ವಸ್ತು ತೊಡೆಯ ಮೇಲಿತ್ತು. ಆಗಾಗ ಬಟ್ಟೆ ಸರಿಸಿ ಅದನ್ನು ಇಣುಕಿ ನೋಡುತ್ತಿದ್ದರು.

“ಖೋಡಿ! ಹಿಂದ ಹೋಗಂದ್ರ ಓಡ್ತಿ. ಮುಂದ ಹೋಗಂದ್ರ ನಿನಗೇನು ರೋಗ?”

ನಾನು ಮಂಗಳೂರಿನವಳು. ಕೊಚ್ಚಿಯ ಐಟಿ ಪಾರ್ಕಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವುದು ನನ್ನ ಕೆಲಸ. ಹಗಲೆಲ್ಲ ಇಂಗ್ಲಿಷ್, ಅಂಗಡಿ ಆಟೋಗಳಿಗೆ ಹರಕು ಮಲಯಾಳಂ. ಕನ್ನಡ ಎಂಬುದು ಫೋನಿನಲ್ಲಿ ಅಮ್ಮನ ಜೊತೆ ಮಾತ್ರ ಉಳಿದಿದ್ದ ಕಾಲ ಅದು. ಸದ್ದಿಲ್ಲದೆ ನಗಲು ನೋಡಿದೆ, ಆಗಲಿಲ್ಲ.

“ನಕ್ಕಿ ಅಂದಮ್ಯಾಲೆ ನಿನಗ ತಿಳೀತು” ಎಂದರು ತಲೆ ಎತ್ತದೆ.

“ಸ್ವಲ್ಪ ತಿಳೀತು ಮೇಡಂ. ಅದು ಎಂತ?”

“ಮೇಡಂ ಅನಬ್ಯಾಡ, ಅದನ್ನ ಕೇಳಿ ಕೇಳಿ ಸಾಕಾಗೇತಿ. ಅಕ್ಕಾ ಅನ್ನು. ಇದು ದೋಣಿ ಗೇರಿನೊಳಗಿನ ಬಳಿ, ಕೈಬಳಿ ಇದ್ದಂಗ. ದೋಣಿ ಎಂದಾರ ನೋಡೀಯೇನು?”

ಮಂಗಳೂರಿನವಳನ್ನು ಬಾಗಲಕೋಟೆಯವರು ಕೇಳುವ ಪ್ರಶ್ನೆಯೇ ಇದು! ದೋಣಿ ನೋಡಿದ್ದೇನೆ, ಆದರೆ ಬಂದರಿನಿಂದ ಬೆಂಗರೆಗೆ ಹೋಗುವ ಸಣ್ಣ ದೋಣಿಯಲ್ಲೂ ನನಗೆ ತಲೆ ತಿರುಗುತ್ತದೆ ಎಂದೆ. ಅವರು ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿದರು. ಪಾಪ ಎನ್ನಿಸಿರಬೇಕು. ಮುಂದಿನ ಶನಿವಾರ ನಾನು ಆ ದೋಣಿಯಲ್ಲಿದ್ದೆ. ಹೇಗೆ ಒಪ್ಪಿಕೊಂಡೆ ಎಂದು ಈಗಲೂ ನನಗೆ ಸರಿಯಾಗಿ ಗೊತ್ತಿಲ್ಲ.

ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯಲ್ಲಿ ಜೀವಮಾನವಿಡೀ ರಾಕೆಟ್ ಇಂಜಿನ್ನುಗಳ ಕೆಲಸ ಮಾಡಿ ನಿವೃತ್ತರಾದವರು ಅವರು. ಮದುವೆ ಆಗಿರಲಿಲ್ಲ. ಅದೇ ಊರಿನ ಪಟ್ಟಂನಲ್ಲಿ ಒಂದು ಫ್ಲ್ಯಾಟು. ಜೊತೆಯವರೆಲ್ಲ ನಿವೃತ್ತಿಯಾದ ಮೇಲೆ ಕಾಶಿ, ಬದರಿ ಎಂದು ಹೊರಟರೆ ಇವರು ಕೊಚ್ಚಿಯಲ್ಲೊಂದು ಹಾಯಿದೋಣಿ ಕೊಂಡುಕೊಂಡರು. ಯಾವನೋ ವಿದೇಶದವನು ಎಂದೋ ಬಿಟ್ಟುಹೋಗಿದ್ದ ದೋಣಿ, ವಲ್ಲಾರ್ಪಾಡಂ ಕಡೆಯ ಒಂದು ಸಣ್ಣ ರಿಪೇರಿ ಅಂಗಳದಲ್ಲಿ ಬಿಸಿಲು ಕಾಯುತ್ತಿತ್ತು. ಬದಿಯಲ್ಲಿ ಬರೆದಿದ್ದ ಹೆಸರು ಅಳಿಸಿಹೋಗಿತ್ತು. ಅಕ್ಕ ಹೊಸ ಹೆಸರು ಇಡಲಿಲ್ಲ. ‘ಆಕಿ’ ಎನ್ನುತ್ತಿದ್ದರು, ಅಷ್ಟೆ. ಪ್ರತಿ ಶನಿವಾರ ಬೆಳಗಿನ ರೈಲು ಹಿಡಿದು ಆಕಿಯನ್ನು ನೋಡಲು ಬರುತ್ತಿದ್ದರು. ಹಾಯಿ ಬಿಚ್ಚುವುದು, ಕಟ್ಟುವುದು, ಗಾಳಿಗೆ ತಿರುಗಿಸುವುದು ಎಲ್ಲವನ್ನೂ ನಿವೃತ್ತಿಗೆ ಮೊದಲೇ ರಜೆ ಹಾಕಿ ಕಲಿತಿದ್ದರು. ಅವರ ಆಸೆ ಒಂದೇ. ಬಂದರು ದಾಟಿ, ಹಿನ್ನೀರು ಕಡಲಿಗೆ ಸೇರುವ ಅಳಿವೆಯಿಂದ ಆಚೆ ಹೋಗಿ, ಇಂಜಿನ್ ನಿಲ್ಲಿಸಿ, ಬರೀ ಗಾಳಿಯ ಮೇಲೆ ಒಂದು ತಾಸು ತಾವೇ ದೋಣಿ ನಡೆಸಬೇಕು.

“ನಾ ಮಾಡಿದ್ದೆಲ್ಲಾ ಹೋತು, ತಂಗಿ. ಮ್ಯಾಲಕ್ಕ ಹೋತು. ನಾ ಎಲ್ಲಿಗೂ ಹೋಗಲಿಲ್ಲ, ಅವು ಹೋಗೂದನ್ನ ಕುಂತು ನೋಡಿನಿ. ಒಮ್ಮೆ ನಾನೂ ಹೋಗಬೇಕು.”

ಆದರೆ ಕೊಚ್ಚಿಯ ಬಂದರಿನ ಕಾಲುವೆಯಲ್ಲಿ ಗಾಳಿಯನ್ನು ನಂಬಿ ಹೋಗುವ ಹಾಗಿಲ್ಲ. ಎದುರಿಗೆ ಬೆಟ್ಟದಂಥ ಕಂಟೇನರ್ ಹಡಗುಗಳು, ಕೆಳಗೆ ಇಳಿತದ ಸೆಳೆತ. ಅಳಿವೆಯವರೆಗೂ ಇಂಜಿನ್ನೇ ಗತಿ. ಆ ಇಂಜಿನ್ನಿನ ಮುಂದಿನ ಗೇರು, ಎಂದರೆ ದೋಣಿಯನ್ನು ಮುಂದಕ್ಕೆ ಒಯ್ಯುವ ಗೇರು, ಕೈಕೊಟ್ಟಿತ್ತು.

ದೋಣಿಯ ಒಳಕೋಣೆಗೆ ಇಳಿಯುವ ಮೆಟ್ಟಿಲನ್ನು ಎತ್ತಿದರೆ ಕೆಳಗೆ ಇಂಜಿನ್, ಅದರ ಬೆನ್ನಿಗೆ ಗೇರಿನ ಪೆಟ್ಟಿಗೆ. ಮೇಲೆ ಚುಕ್ಕಾಣಿಯ ಪಕ್ಕದಲ್ಲಿ ಒಂದು ಲಿವರ್. ಹಿಂದಕ್ಕೆ ಹೋಗಬೇಕಾದರೆ ಅದನ್ನು ಎಳೆದು ಹಿಡಿದುಕೊಂಡೇ ಇರಬೇಕು, ಬಿಟ್ಟರೆ ನಡುವಿಗೆ ಬಂದುಬಿಡುತ್ತದೆ. ಮುಂದಿನದು ಹಾಗಲ್ಲ. ಮೈಭಾರ ಹಾಕಿ ನೂಕಿದರೆ ಒಂದು ಉಬ್ಬು ದಾಟಿ, ಕಟಕ್ ಎಂದು ಕಚ್ಚಿಕೊಂಡು, ತಾನಾಗಿಯೇ ನಿಲ್ಲಬೇಕು. ಆಕಿಗೆ ಆ ಕಟಕ್ ಮರೆತುಹೋಗಿತ್ತು. ಲಿವರ್ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತಿತ್ತು, ಇಂಜಿನ್ ಬೊಬ್ಬೆ ಹೊಡೆಯುತ್ತಿತ್ತು, ದೋಣಿ ಮಾತ್ರ ಇದ್ದಲ್ಲೇ ಇರುತ್ತಿತ್ತು. ಅಕ್ಕ ಮೊದಲು ಪ್ರೊಪೆಲ್ಲರಿಗೆ ಅಂಟಿದ ಚಿಪ್ಪುಗಳನ್ನು ಕೆರೆಸಿದರು. ಆಮೇಲೆ ಲಿವರಿನಿಂದ ಪೆಟ್ಟಿಗೆಗೆ ಹೋಗುವ ಸರಳು ಪೂರ್ತಿ ಓಡಾಡುತ್ತದೆಯೇ ಎಂದು ನೋಡಿದರು. ಅದೆಲ್ಲ ಸರಿಯಿತ್ತು. ತಪ್ಪು ಪೆಟ್ಟಿಗೆಯ ಒಳಗೇ ಇತ್ತು.

ಒಳಗೆ ಒಂದು ದಪ್ಪ ಬಳೆ, ವೈಟ್ಟಿಲದಲ್ಲಿ ಬೈಸಿಕೊಂಡದ್ದು ಅದೇ. ಹಲ್ಲು ಸವೆದಿದೆಯೇ ಎಂದು ನೋಡಲು ಅದನ್ನು ಮನೆಗೆ ಒಯ್ದು ತರುತ್ತಿದ್ದರಂತೆ. ಬಳೆಯ ಸುತ್ತ ತೂತುಗಳು, ಅವುಗಳಲ್ಲೊಂದಕ್ಕೆ ಕೂರುವ ಸಣ್ಣ ಪಿನ್ನು. ಪಿನ್ನು ಎತ್ತಿ, ಬಳೆಯನ್ನು ಒಂದು ತೂತಿನಷ್ಟು ತಿರುಗಿಸಿ, ಮತ್ತೆ ಪಿನ್ನು ಕೂರಿಸಿದರೆ ಒಳಗಿನ ತಟ್ಟೆಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಸಡಿಲವಾದರೆ ಗೇರು ಜಾರುತ್ತದೆ, ಬಿಗಿ ಹೆಚ್ಚಾದರೆ ಲಿವರ್ ಕೂರುವುದೇ ಇಲ್ಲ.

“ಒಂದು ಸಲಕ್ಕ ಒಂದ ತೂತು. ಅವಸರ ಮಾಡಿ ಎರಡು ತಿರುವಿದಿ ಅಂದ್ರ, ಯಾವುದರಿಂದ ಏನಾತು ಅಂತ ದೇವರಿಗೂ ಗೊತ್ತಾಗಂಗಿಲ್ಲ.”

ಒಂದು ತೂತು ತಿರುಗಿಸುವುದು, ಮುಚ್ಚಳ ಹಾಕುವುದು, ದೋಣಿಯನ್ನು ಜೆಟ್ಟಿಗೆ ಕಟ್ಟಿಯೇ ಇಂಜಿನ್ ಹಚ್ಚುವುದು, ಲಿವರ್ ನೂಕುವುದು, ಹಗ್ಗ ಬಿಗಿಯುತ್ತದೆಯೇ ಎಂದು ನೋಡುವುದು. ಮತ್ತೆ ಮೊದಲಿನಿಂದ. ಶನಿವಾರಗಳು ಹಾಗೇ ತೇಲಿಹೋಗುತ್ತಿದ್ದವು. ಇಲ್ಲಿಯವರು ಪಾಯಲ್ ಎನ್ನುವ ನೇರಳೆ ಹೂವಿನ ಕಳೆ ದ್ವೀಪ ದ್ವೀಪವಾಗಿ ನಮ್ಮನ್ನು ದಾಟಿ ಹೋಗುತ್ತಿತ್ತು, ಒಂದೊಂದು ದ್ವೀಪದ ಮೇಲೆ ಒಂದೊಂದು ಕೊಕ್ಕರೆ ಕೂತಿರುತ್ತಿತ್ತು. ಎದುರಿನ ಕಂಟೇನರ್ ಟರ್ಮಿನಲ್ಲಿನ ಕ್ರೇನುಗಳು ಸದ್ದಿಲ್ಲದೆ ಬಾಗಿ ಏಳುತ್ತಿದ್ದವು. ನಾನು ಟಾರ್ಚು ಹಿಡಿದುಕೊಂಡೇ ತೂಕಡಿಸುತ್ತಿದ್ದೆ. ಎಚ್ಚರವಾದಾಗ ನೀರಿನ ಬಣ್ಣ ಬದಲಾಗಿರುತ್ತಿತ್ತು, ಅಕ್ಕ ಮಾತ್ರ ಅದೇ ತೂತಿನ ಮುಂದೆ ಕೂತಿರುತ್ತಿದ್ದರು.

ಆ ಹೊತ್ತಿನಲ್ಲೇ ಅವರು ಊರಿನ ಹೊಳೆಯ ಮಾತು ತೆಗೆಯುತ್ತಿದ್ದದ್ದು. ಚಿಕ್ಕವರಿದ್ದಾಗ ಹರಗೋಲಿನಲ್ಲಿ ಹೊಳೆ ದಾಟಿ ಶಾಲೆಗೆ ಹೋಗುತ್ತಿದ್ದರಂತೆ. “ಹರಗೋಲಿಗೆ ಮುಂದಿಲ್ಲ ಹಿಂದಿಲ್ಲ. ಬುಟ್ಟಿ ಅದು, ಗಿರಗಿರ ತಿರುಗ್ತೈತಿ. ಕುಂತಾಗ ಊರು ಕಾಣ್ತೈತಿ, ಕಣ್ಣು ಮುಚ್ಚಿ ತಗಿಯೂದ್ರೊಳಗ ಸಾಲಿ ಕಾಣ್ತೈತಿ. ಎಲ್ಲಿಗೆ ಹೊಂಟೀವಿ ಅಂತ ಅಂಬಿಗಗ ಅಷ್ಟ ಗೊತ್ತು. ನನಗ ಅದ ಬ್ಯಾಸರ ಇತ್ತು. ಹುಟ್ಟು ನನ್ನ ಕೈಗ ಕೊಡವಲ್ಲ ಅಂತ.” ಹೇಳುತ್ತಾ ಕಣ್ಣು ಮುಚ್ಚಿಕೊಂಡರೆ ಇನ್ನೂ ತಿರುಗುತ್ತಿದ್ದಾರೇನೋ ಅನ್ನಿಸುತ್ತಿತ್ತು.

ಅವರ ಕಚೇರಿಯ ಒಂದು ಪದ್ಧತಿಯನ್ನು ದೋಣಿಗೂ ತಂದಿದ್ದರು. ಉಡಾವಣೆಯ ಸಿದ್ಧತೆ ನಡೆಯುವಾಗ ಎಷ್ಟೇ ಕಿರಿಯವರಾದರೂ ಸರಿ, ಅನುಮಾನ ಬಂದವರು ‘ಹೋಲ್ಡ್’ ಎನ್ನಬಹುದಂತೆ. ಅಂದ ಕೂಡಲೇ ಎಲ್ಲರೂ ಕೈಯಲ್ಲಿದ್ದ ಕೆಲಸ ನಿಲ್ಲಿಸಬೇಕು. ಅಂದವರನ್ನು ಯಾರೂ ಬೈಯುವಂತಿಲ್ಲ. ನಮ್ಮ ದೋಣಿಯಲ್ಲಿ ಅದು ‘ನಿಂದ್ರು’ ಆಗಿತ್ತು. ಅಕ್ಕ ಇದನ್ನು ಭಾರಿ ಗಂಭೀರವಾಗಿ ಪಾಲಿಸುತ್ತಿದ್ದರು. ನಾನು ಚಹಾ ಬೇಕಾದಾಗಲೆಲ್ಲ ಉಪಯೋಗಿಸುತ್ತಿದ್ದೆ.

ಒಮ್ಮೆ ಆಫೀಸಿನ ಕೆಲಸದ ಮೇಲೆ ತಿರುವನಂತಪುರಕ್ಕೆ ಹೋದವಳು ಪಟ್ಟಂನ ಅವರ ಮನೆಗೆ ಹೋದೆ. ಕೆಳಗೆ ಬಸ್ಸು ಆಟೋಗಳ ಗದ್ದಲ, ಮೇಲೆ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದು. ತಟ್ಟೆಯಲ್ಲಿದ್ದ ರೊಟ್ಟಿಗಳು ಒಂದೊಂದು ಒಂದೊಂದು ಆಕಾರದಲ್ಲಿದ್ದವು.

“ಕರ್ನಾಟಕದ ನಕಾಶೆ ಆಗ್ಯಾವು, ನೋಡು. ಬೀದರ ಇಲ್ಲೈತಿ. ನಿಮ್ಮ ಮಂಗಳೂರು ಹರಕೊಂಡು ಹೋತು” ಎಂದು ನಕ್ಕರು.

ನಾನೂ ನಕ್ಕೆ. ಆಮೇಲೆ ಅವರ ಬಲಗೈ ನೋಡಿದೆ. ಹಿಟ್ಟು ಬಿಟ್ಟ ಮೇಲೂ ಕೈ ನಡುಗುತ್ತಿತ್ತು. ದೋಣಿಯಲ್ಲಿ ಅಷ್ಟು ಹೊತ್ತು ಪಕ್ಕದಲ್ಲಿ ಕೂತಿದ್ದರೂ ನಾನು ಇದನ್ನು ಗಮನಿಸಿರಲಿಲ್ಲ.

“ಡಾಕ್ಟರ ಗುಳಿಗಿ ಕೊಟ್ಟಾರ. ಕಡಿಮಿ ಆಗಂಗಿಲ್ಲ, ಹೆಚ್ಚಾಗೂದು ತಡಾ ಆಗ್ತೈತಿ ಅಷ್ಟ. ಮುಂದಿನ ವರ್ಷ ಈ ಕೈ ನನ್ನ ಮಾತು ಕೇಳಂಗಿಲ್ಲ, ತಂಗಿ. ಮುಂದಿನ ಮಳಿ ಹಿಡಿಯೂದ್ರೊಳಗ ಹೋಗಿ ಬರಬೇಕು.”

ಮಳೆ ಶುರುವಾದರೆ ಅಳಿವೆಯಾಚೆ ಸಣ್ಣ ದೋಣಿಗಳು ಹೋಗುವಂತಿಲ್ಲ. ಅಂದರೆ ಉಳಿದದ್ದು ಒಂದೇ ಬೇಸಿಗೆ.

ಕ್ರಿಸ್ಮಸ್ ಕಳೆದ ಮೇಲೆ ಒಂದು ಶನಿವಾರ ಕಟಕ್ ಸದ್ದು ಬಂತು. ಹಗ್ಗ ಬಿಗಿಯಿತು. ಮರುದಿನವೇ ಹೊರಟೆವು. ಬೆಳಗಿನ ಮಂಜಿನಲ್ಲಿ ನೀರು ಯಾವುದು ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಟರ್ಮಿನಲ್ಲಿನ ಹತ್ತಿರ ಬರುವವರೆಗೂ ಎಲ್ಲ ಕನಸಿನ ಹಾಗೇ ಇತ್ತು. ಅಲ್ಲಿ ಇದ್ದಕ್ಕಿದ್ದಂತೆ ಇಂಜಿನ್ ಚೀರಿತು. ಲಿವರ್ ತಾನಾಗಿಯೇ ನಡುವಿಗೆ ಬಂದು ನಿಂತಿತ್ತು. ಅಕ್ಕ ಎಷ್ಟು ನೂಕಿದರೂ ಗೇರು ಕಚ್ಚಲಿಲ್ಲ. ದೋಣಿ ಅಡ್ಡಡ್ಡವಾಗಿ ಜಾರತೊಡಗಿತು, ದೂರದಿಂದ ಒಂದು ಟಗ್ ದೋಣಿ ಸಿಟ್ಟಿನಲ್ಲಿ ಹಾರ್ನ್ ಹೊಡೆಯಿತು. ನಾನು ಆ ಹೊತ್ತಿಗೆ ಬದಿಗೆ ಬಾಗಿ ತಿಂಡಿಯನ್ನೆಲ್ಲ ನೀರಿಗೆ ಒಪ್ಪಿಸುತ್ತಿದ್ದೆ.

ಹಿಂದಿನ ಗೇರು ಮಾತ್ರ ಸರಿಯಾಗಿತ್ತು. ಹಾಗಾಗಿ ನಾವು ಜೆಟ್ಟಿಗೆ ಮರಳಿದ್ದು ಹಿಮ್ಮುಖವಾಗಿ! ಲಿವರನ್ನು ಎಳೆದು ಹಿಡಿದುಕೊಂಡೇ ಇರಬೇಕು. ಅವರ ಕೈ ಸೋತಾಗ ನಾನು, ನನ್ನ ಕೈ ಸೋತಾಗ ಅವರು. ಹೋಗಬೇಕೆಂದಿದ್ದ ಸಮುದ್ರವನ್ನೇ ನೋಡುತ್ತಾ ನಾವು ಅದರಿಂದ ನಿಧಾನವಾಗಿ ದೂರವಾಗುತ್ತಿದ್ದೆವು. ಅಂಗಳ ಕಾಯುವವನು, ನಾವು ಚೇಟ್ಟನ್ ಎಂದರೆ ಅಣ್ಣ ಎಂದು ಕರೆಯುತ್ತಿದ್ದವನು, ಜೆಟ್ಟಿಯ ಮೇಲೆ ನಿಂತು, “ಎಂತಾ ಮಾಡಂ, ದೋಣಿಗೆ ನಾಚಿಕೆಯಾ?” ಎಂದು ತನಗೆ ಬರುವ ಅಷ್ಟಿಷ್ಟು ಕನ್ನಡ ಸೇರಿಸಿ ಕೇಳಿದ. ಅಕ್ಕ ಬೈಯಲಿಲ್ಲ. ಅವರು ಬೈಯದೆ ಇದ್ದದ್ದನ್ನು ನೋಡಿ ನನಗೆ ಹೆದರಿಕೆಯಾಯಿತು.

ಆಮೇಲಿನ ವಾರಗಳು ಕಷ್ಟದವು. ಜೆಟ್ಟಿಯಲ್ಲಿ ಪ್ರತಿ ಸಲವೂ ಗೇರು ಸರಿಯಾಗಿ ಕಚ್ಚುತ್ತಿತ್ತು. ಕಟಕ್ ಬರುತ್ತಿತ್ತು, ಹಗ್ಗ ತಂತಿಯಾಗುತ್ತಿತ್ತು, ಅಕ್ಕ ತಲೆಯಾಡಿಸಿ “ಸಾಕು, ಬಂದ್ ಮಾಡು” ಎನ್ನುತ್ತಿದ್ದರು. ಹಾಗಾದರೆ ಅವತ್ತು ಕಾಲುವೆಯಲ್ಲಿ ಏನಾಯಿತು? ಬಿಸಿಲು ಏರುತ್ತಿತ್ತು. ಮಾವಿನಕಾಯಿ ಬಂತು. ಅಕ್ಕನ ಬೈಗುಳ ಪೂರ್ತಿ ನಿಂತಿತ್ತು.

ಒಂದು ಮಧ್ಯಾಹ್ನ ಅವರು ಎಂದಿನಂತೆ “ಬಂದ್ ಮಾಡು” ಎಂದರು. ನನ್ನ ಕೈ ಸ್ವಿಚ್ಚಿನ ಹತ್ತಿರ ಹೋಯಿತು, ಅಲ್ಲೇ ನಿಂತಿತು.

“ನಿಂದ್ರು” ಎಂದೆ.

“ಈಗ ಚಾ ಬ್ಯಾಡ, ತಂಗಿ.”

“ಚಾ ಅಲ್ಲ ಅಕ್ಕ. ಇದನ್ನು ಯಾವತ್ತಾದ್ರೂ ಬಿಸಿ ಆಗ್ಲಿಕ್ಕೆ ಬಿಟ್ಟಿದ್ದೀರಾ? ನೀವು ಯಾವಾಗಲೂ ಹಚ್ಚಿದ ಕೂಡಲೇ ಆಫ್ ಮಾಡಿಸ್ತೀರಿ. ಅವತ್ತು ಜಾರಿದ್ದು ಅರ್ಧ ಗಂಟೆ ಓಡಿದ ಮೇಲೆ.”

ಅಕ್ಕ ನನ್ನನ್ನು ನೋಡಿದರು. ಇಂಜಿನ್ ನೋಡಿದರು. ಆಮೇಲೆ ಹಾಯಿಯ ಕಂಬಕ್ಕೆ ಒರಗಿ ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಅವರು ಜೀವಮಾನವಿಡೀ ಸಾಕಿದ ಇಂಜಿನ್ನುಗಳು ಉರಿಯುವುದೇ ಕೆಲವು ನಿಮಿಷ. ಅಷ್ಟರಲ್ಲಿ ಕೆಲಸ ಮುಗಿಸಿ ಕಳಚಿ ಬೀಳುತ್ತವೆ. ಅಷ್ಟು ಹೊತ್ತು ಸರಿಯಾಗಿ ನಡೆದರೆ ಇಡೀ ಕಚೇರಿ ಚಪ್ಪಾಳೆ ತಟ್ಟುತ್ತದೆ. ಒಂದು ಇಂಜಿನ್ ಊಟದ ಹೊತ್ತಿನವರೆಗೂ ಓಡಬೇಕು ಎನ್ನುವುದು ಅವರ ಲೆಕ್ಕದಲ್ಲೇ ಇರಲಿಲ್ಲ.

“ಹುಚ್ಚಿ ನಾನು! ಆಕಿನ್ನ ಬೈದೆ ಇಷ್ಟು ದಿನ. ನಡಿ, ಉಣ್ಣೂಣು. ಓಡಲಿ ಇದು.”

ಇಂಜಿನ್ನನ್ನು ಹಾಗೇ ಓಡಲು ಬಿಟ್ಟು ಜೆಟ್ಟಿಯ ಮೇಲೆ ಊಟಕ್ಕೆ ಕೂತೆವು. ಚೇಟ್ಟನ್ ತಂದ ಮೀನು ಕರಿ ನನಗೆ, ಅವರಿಗೆ ಕಟ್ಟಿಕೊಂಡು ಬಂದ ರೊಟ್ಟಿ. ಇಬ್ಬರ ಕಣ್ಣೂ ಹಗ್ಗದ ಮೇಲೆ. ಊಟ ಮುಗಿಯುವ ಹೊತ್ತಿಗೆ ತಂತಿಯಂತಿದ್ದ ಹಗ್ಗ ಮೆಲ್ಲಗೆ ಸಡಿಲವಾಗಿ ನೀರಿಗೆ ತಾಗಿತು. ತಣ್ಣಗಿದ್ದಾಗ ಹಿಡಿಯುತ್ತಿದ್ದ ಗೇರು ಬಿಸಿಯಾದ ಮೇಲೆ ಜಾರುತ್ತಿತ್ತು. ಅಂದರೆ ಬಿಸಿಯಿದ್ದಾಗಲೇ ಇನ್ನೊಂದು ತೂತು ಬಿಗಿಯಬೇಕು.

ಇಂಜಿನ್ ನಿಲ್ಲಿಸಿ ಮುಚ್ಚಳ ತೆಗೆದರೆ ಒಳಗಿಂದ ಕಾದ ಎಣ್ಣೆಯ ಹಬೆ. ಚಿಂದಿ ಸುತ್ತಿಕೊಂಡು ನಾನು ಬಳೆಯನ್ನು ತಿರುಗಿಸಿ ಹಿಡಿದೆ. ಪಿನ್ನು ಅಕ್ಕನ ಕೈಯಲ್ಲಿತ್ತು. ತೂತಿನ ಹತ್ತಿರ ಬಂದು ಪಿನ್ನು ಅಲ್ಲಾಡಿತು, ತಪ್ಪಿತು, ಮತ್ತೆ ತಪ್ಪಿತು. ನಾನು ಹಾಕಲೇ ಎಂದು ಕೇಳಲು ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿಕೊಂಡೆ. ಅವರು ಮೊಣಕೈಯನ್ನು ಮಂಡಿಗೆ ಊರಿ, ಉಸಿರು ಬಿಟ್ಟು, ಕಾದರು. ನಡುಕಕ್ಕೂ ನಡುವೆ ಒಂದು ಬಿಡುವು ಇರುತ್ತದೆ ಎಂದು ನನಗೆ ಆವತ್ತು ಗೊತ್ತಾಯಿತು. ಆ ಬಿಡುವಿನಲ್ಲಿ ಪಿನ್ನು ಒಳಗೆ ಹೋಗಿ ಕೂತಿತು. ಅಂದು ಹಗ್ಗ ಸಂಜೆಯವರೆಗೂ ಬಿಗಿಯಾಗಿಯೇ ಇತ್ತು.

ಮಳೆಗಾಲ ಮುಗಿದ ಮೇಲೆ ಅವರು ಕೊಚ್ಚಿಗೆ ಬರಲಿಲ್ಲ. ದೋಣಿಯನ್ನು ಹಾಯಿ ಕಲಿಸುವವರಿಗೆ ಕೊಟ್ಟುಬಿಟ್ಟರು. ಕೊನೆಯ ದಿನಗಳಲ್ಲಿ ಫೋನನ್ನು ಮೇಜಿನ ಮೇಲಿಟ್ಟು ಮಾತಾಡುತ್ತಿದ್ದರು, ಸ್ಪೀಕರಿನಲ್ಲಿ ಪಟ್ಟಂನ ಬಸ್ಸುಗಳ ಸದ್ದು ಅವರ ದನಿಗಿಂತ ಜೋರಾಗಿ ಕೇಳುತ್ತಿತ್ತು. ಅದನ್ನೆಲ್ಲ ಬರೆಯಲು ನನಗೆ ಮನಸ್ಸಿಲ್ಲ. ನಾನು ಹೇಳಬೇಕೆಂದಿರುವುದು ಏಪ್ರಿಲಿನ ವಿಷು ಹಬ್ಬ ಕಳೆದ ಮೇಲಿನ ಆ ಬೆಳಗಿನ ಮಾತು.

ಅಂದು ಅಕ್ಕ ಲಿವರ್ ನೂಕಿದರು. ಕಟಕ್. ಕಾಲುವೆ ದಾಟಿದೆವು, ಟರ್ಮಿನಲ್ ದಾಟಿದೆವು, ಫೋರ್ಟ್ ಕೊಚ್ಚಿಯ ದಡದ ಚೀನೀ ಮೀನುಬಲೆಗಳು ಹಿಂದೆ ಉಳಿದವು. ಇಂಜಿನ್ ಕಾದು ಕೆಂಡವಾಗಿರಬೇಕು, ಗೇರು ಹಿಡಿದ ಹಿಡಿತ ಬಿಡಲಿಲ್ಲ. ಅಳಿವೆಯ ಹತ್ತಿರ ನೀರು ಒಂದು ಸಲ ಎತ್ತಿ ಹಾಕಿತು. ಆಮೇಲೆ ಎದುರಿಗೆ ಏನೂ ಇರಲಿಲ್ಲ, ಬೆಳಕು ಬಿಟ್ಟರೆ. ನಾನು ಅವರು ಹೇಳಿದ ಹಗ್ಗ ಎಳೆದು ಹಾಯಿ ಏರಿಸಿದೆ. ಅದು ಪಟಪಟ ಬಡಿದು, ಗಾಳಿ ತುಂಬಿಕೊಂಡು, ಸುಮ್ಮನಾಯಿತು. ಲಿವರನ್ನು ಅವರೇ ನಡುವಿಗೆ ತಂದರು.

“ಈಗ ಬಂದ್ ಮಾಡು.”

ನಾನು ಇಂಜಿನ್ ನಿಲ್ಲಿಸಿದೆ. ಅಂಥ ಮೌನವನ್ನು ನಾನು ಎಂದೂ ಕೇಳಿರಲಿಲ್ಲ. ಇಂಜಿನ್ ಓಡುವಾಗ ದೋಣಿಯಲ್ಲಿ ಎಲ್ಲವೂ ನಡುಗುತ್ತಿರುತ್ತದೆ: ಹಲಗೆ, ನೀರಿನ ಬಾಟಲಿ, ನಮ್ಮ ಹಲ್ಲು. ಮೊದಲ ತಿಂಗಳುಗಳಲ್ಲಿ ಅವರ ಕೈ ಆ ನಡುಕದಲ್ಲಿ ಸೇರಿಕೊಂಡೇ ನನಗೆ ಕಾಣದೆ ಹೋಗಿತ್ತು. ಈಗ ಎಲ್ಲವೂ ನಿಂತಿತು. ಚುಕ್ಕಾಣಿಯ ಹಿಡಿಯ ಮೇಲಿದ್ದ ಅವರ ಬಲಗೈ ಒಂದೇ ನಿಲ್ಲಲಿಲ್ಲ. ಅಷ್ಟು ವಿಶಾಲವಾದ ಸಮುದ್ರದಲ್ಲಿ ಅದೊಂದೇ ಪಟಪಟ ನಡುಗುತ್ತಿತ್ತು. ನಾನು ಬೇಗ ಬೇರೆ ಕಡೆ ನೋಡಿದೆ.

“ಕೈ ಯಾಕ ನೋಡ್ತಿ?” ಎಂದರು. “ಹಿಂದ ನೀರು ನೋಡು.”

ತಿರುಗಿ ನೋಡಿದೆ. ದೋಣಿಯ ಹಿಂದೆ ನೀರಿನ ಮೇಲೆ ನಾವು ಬಂದ ದಾರಿಯ ಗೆರೆ ಬಿದ್ದಿತ್ತು, ಹೊಳೆಯುತ್ತಾ ದೂರದವರೆಗೂ.

“ನೇರ ಐತಿಲ್ಲ?”

“ನೇರ ಉಂಟು ಅಕ್ಕ” ಎಂದೆ. ಅಷ್ಟು ಹೇಳುವುದರೊಳಗೆ ನನಗೆ ಅಳು ಬಂದುಬಿಟ್ಟಿತು. ಅವರು ತಿರುಗಿ ನೋಡಲಿಲ್ಲ, ಮುಂದೆ ನೋಡುತ್ತಾ ದೋಣಿ ನಡೆಸುತ್ತಿದ್ದರು.